ಬಿದ್ರಿ ಒಡವೆ ಕಲಿಯಲು ಬೀದರಿನ ದಾರಿ

ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದು, ಅದರ ಮೈಮೇಲೆ ಚಿತ್ತಾರ ಕೆತ್ತಿ, ಕೆತ್ತಿದ ಗೆರೆಯೊಳಗೆ ಬೆಳ್ಳಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಹಚ್ಚಿ ಕಪ್ಪಾಗಿಸಿದ ಪದಕ, ಓಲೆ, ಬಳೆ, ಉಂಗುರಗಳೇ ಬಿದ್ರಿ ಒಡವೆಗಳು. ಹೂದಾನಿ, ಹುಕ್ಕಾ ಬುಡ, ಪಾನದಾನಿಗಳಿಗೆ ಹೆಸರಾದ ಈ ಕಸುಬು ಮೈಮೇಲೆ ಧರಿಸುವ ವಸ್ತುಗಳ ಕಡೆ ಹೆಚ್ಚಾಗಿ ಒಲಿದದ್ದು ಈಚಿನ ಕಾಲದಲ್ಲಿ. ಹುಕ್ಕಾ ಸೇದುವ ದೊಡ್ಡ ಮನೆಗಳು ಹೋದವು. ಮೊಳದೆತ್ತರದ ಹೂದಾನಿ ಕೊಳ್ಳುವವರೂ ಕಡಿಮೆ. ಒಂದು ಜೊತೆ ಓಲೆಯನ್ನಾದರೆ ಕಾಲೇಜಿಗೆ ಹೋಗುವ ಹುಡುಗಿಯೂ ಕೊಳ್ಳುತ್ತಾಳೆ. ಕಲಿಯುವವರಿಗೂ ಒಡವೆಯೇ ಅನುಕೂಲ. ಎರಡು ಬೆರಳಗಲದ ಪದಕವಾದರೂ ಅದರಲ್ಲಿ ಈ ಕಸುಬಿನ ಎಲ್ಲ ಹಂತಗಳೂ ಇವೆ, ಮತ್ತು ಅದನ್ನು ಕೆಲವೇ ದಿನಗಳಲ್ಲಿ ಮುಗಿಸಬಹುದು.

ಬಿದ್ರಿ ಕಮ್ಮಟಗಳು ಬೆಂಗಳೂರಿನಂಥ ನಗರಗಳಲ್ಲೂ ಆಗಾಗ ನಡೆಯುವುದುಂಟು. ಉಳಿ ಹಿಡಿಯುವ ಬಗೆ, ತಂತಿ ಕೂರಿಸುವ ಬಗೆ ಅಲ್ಲಿಯೂ ತಿಳಿಯುತ್ತದೆ. ಆದರೆ ಎರಕದ ಒಲೆ, ಅಚ್ಚಿನ ಮಣ್ಣು, ಕೆತ್ತುವ ಉಸ್ತಾದ್, ಕಪ್ಪು ಹಿಡಿಸುವ ಕೋಟೆಮಣ್ಣು ಇವೆಲ್ಲ ಒಂದೇ ಊರಿನ ಓಣಿಗಳಲ್ಲಿ ಒಟ್ಟಿಗೆ ಸಿಗುವುದು ಬೀದರಿನಲ್ಲಿ. ಕಸುಬನ್ನು ಮೊದಲಿನಿಂದ ಕೊನೆಯವರೆಗೆ ನೋಡಬೇಕೆನ್ನುವವರು ಬೀದರಿಗೇ ಹೋಗಬೇಕು. ಗಾಡಿಯಲ್ಲಿ ಹೋಗುವುದಾದರೆ ದಾರಿಯೂ ಕಲಿಕೆಯ ಭಾಗವೇ ಆಗುತ್ತದೆ.

ಬೆಂಗಳೂರಿನಿಂದ ಬೀದರಿಗೆ ಸುಮಾರು 700 ಕಿ.ಮೀ. ಬೇಗ ತಲುಪುವ ದಾರಿ ಅನಂತಪುರ, ಕರ್ನೂಲು ಮೇಲೆ ಹೈದರಾಬಾದಿಗೆ ಹೋಗಿ, ಅಲ್ಲಿಂದ ಜಹೀರಾಬಾದಿನ ಕಡೆಯಿಂದ ಬೀದರಿಗೆ ತಿರುಗುತ್ತದೆ. ರಸ್ತೆ ಅಗಲವಾಗಿದೆ, ಆದರೆ ಪಯಣದ ಬಹುಪಾಲು ಕರ್ನಾಟಕದ ಹೊರಗೇ ಕಳೆಯುತ್ತದೆ. ಇನ್ನೊಂದು ದಾರಿ ಚಿತ್ರದುರ್ಗದಲ್ಲಿ ರಾಷ್ಟ್ರೀಯ ಹೆದ್ದಾರಿ 50 ಹಿಡಿದು ಹೊಸಪೇಟೆ, ಕುಷ್ಟಗಿ, ಇಳಕಲ್ಲು, ಹುನಗುಂದ, ವಿಜಯಪುರ, ಸಿಂದಗಿ, ಜೇವರ್ಗಿ, ಕಲಬುರಗಿ, ಹುಮನಾಬಾದ್ ಮೇಲೆ ಬೀದರ್ ಸೇರುತ್ತದೆ. ಇದು ಸುತ್ತು. ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ಹೊಸಪೇಟೆಯಲ್ಲೋ ವಿಜಯಪುರದಲ್ಲೋ ಒಂದು ರಾತ್ರಿ ಉಳಿದರೆ ಕಲಿಯುವ ಕೈಗೂ ಕಣ್ಣಿಗೂ ದಣಿವಿರುವುದಿಲ್ಲ. ಕೈಯಲ್ಲಿ ಸಮಯವಿದ್ದವರು ಈ ಎರಡನೆಯ ದಾರಿಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಈ ದಾರಿ ಹೊಸಪೇಟೆಯ ಬಳಿ ತುಂಗಭದ್ರೆಯನ್ನು, ಆಲಮಟ್ಟಿಯ ಆಸುಪಾಸಿನಲ್ಲಿ ಕೃಷ್ಣೆಯನ್ನು, ಕಲಬುರಗಿ ಇನ್ನೂ ಮುಂದಿರುವಾಗ ಕಟ್ಟಿಸಂಗಾವಿಯಲ್ಲಿ ಭೀಮೆಯನ್ನು ದಾಟುತ್ತದೆ. ಇಳಕಲ್ಲಿನಲ್ಲಿ ಸೀರೆಯ ಒಡಲಿಗೆ ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಜೋಡಿಸುವ ನೇಕಾರರ ಮಗ್ಗಗಳಿವೆ. ಕೈಕಸುಬಿನ ಮೇಲೆ ಮನಸ್ಸಿರುವವರು ಅಲ್ಲಿ ಇಳಿಯದೆ ಮುಂದೆ ಹೋಗಬಾರದು. ವಿಜಯಪುರದಿಂದ ಕಲಬುರಗಿಯವರೆಗೆ ಎರಡೂ ಬದಿಗೆ ಎರೆಹೊಲ, ಜೋಳ, ತೊಗರಿ. ಕಲಬುರಗಿ ಬಿಟ್ಟ ಮೇಲೆ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಸಿಗುತ್ತದೆ. ಹುಮನಾಬಾದ್ ದಾಟಿ ಬೀದರ್ ಹತ್ತಿರವಾದಂತೆ ನೆಲದ ಬಣ್ಣವೇ ಬದಲಾಗುತ್ತದೆ. ಕರಿಮಣ್ಣು ಹಿಂದೆ ಸರಿದು, ತೂತುತೂತಾದ ಕೆಂಪು ಜಂಬಿಟ್ಟಿಗೆಯ ನೆಲ ಬರುತ್ತದೆ. ಬೀದರ್ ಕೂತಿರುವುದು ಈ ಕೆಂಪು ನೆಲದ ಎತ್ತರದ ಮೇಲೆ. ಕೋಟೆಯ ಕಂದಕವನ್ನೂ ಇದೇ ಕಲ್ಲಿನಲ್ಲಿ ಕಡಿದಿದ್ದಾರೆ.

ಕಲಬುರಗಿಯಿಂದ ಬೀದರಿಗೆ ಇರುವ ನೂರು ಚಿಲ್ಲರೆ ಕಿ.ಮೀ. ದಾರಿಗೂ ಬಿದ್ರಿಯ ಹುಟ್ಟಿಗೂ ಸಂಬಂಧವಿದೆ. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯಕ್ಕೆ ಕಲಬುರಗಿ ರಾಜಧಾನಿಯಾಗಿತ್ತು. 1422ರಿಂದ 1436ರವರೆಗೆ ಆಳಿದ ಅಹಮದ್ ಶಾ ವಲಿ ಅದನ್ನು ಬೀದರಿಗೆ ವರ್ಗಾಯಿಸಿದ. ಹೊಸ ರಾಜಧಾನಿಗೆ ಇರಾನಿನ ಕಡೆಯಿಂದ ವಿದ್ವಾಂಸರೂ ವ್ಯಾಪಾರಿಗಳೂ ಕುಶಲಕರ್ಮಿಗಳೂ ಬಂದರು. ಅಬ್ದುಲ್ಲಾ ಬಿನ್ ಕೈಸರ್ ಎಂಬ ಇರಾನಿ ಕುಶಲಿ ಈ ವಿದ್ಯೆಯನ್ನು ತಂದು ಸ್ಥಳೀಯರಿಗೆ ಕಲಿಸಿದನೆಂಬುದು ಬೀದರಿನ ಕಸುಬುದಾರರಲ್ಲಿ ನಡೆದುಬಂದ ಪ್ರತೀತಿ. ಆದರೆ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಹಳೆಯ ಬಿದ್ರಿ ವಸ್ತುಗಳು ಬಹುಮಟ್ಟಿಗೆ ಹದಿನೇಳನೆಯ ಶತಮಾನದವು ಮತ್ತು ಆಮೇಲಿನವು. ಲೋಹದ ಮೇಲೆ ಲೋಹ ಕೂರಿಸುವ ವಿದ್ಯೆ ಇರಾನಿನಿಂದ ಬಂದಿರಬಹುದು. ಸತುವನ್ನೇ ಮೂಲಲೋಹ ಮಾಡಿಕೊಂಡು ಮಣ್ಣಿನಿಂದ ಕಪ್ಪು ಹಿಡಿಸುವುದು ಮಾತ್ರ ಈ ನೆಲದ ಸ್ವಂತ ಸಂಪಾದನೆ ಎಂದರೆ ತಪ್ಪಾಗದು.

ಕೆಲಸಮನೆಗೆ ಹೋಗುವ ಮೊದಲು ಕೋಟೆಯೊಳಗಿನ ರಂಗೀನ್ ಮಹಲನ್ನು ನೋಡಬೇಕು. ಬಹಮನಿಗಳ ನಂತರ ಬೀದರನ್ನು ಆಳಿದ ಬರೀದ್ ಶಾಹಿಗಳ ಕಾಲದ ಈ ಅರಮನೆಯ ಬಾಗಿಲ ಸುತ್ತ ಕರಿಕಲ್ಲನ್ನು ಕೊರೆದು ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಚಿಪ್ಪಿನ ತುಣುಕುಗಳು ಬಳ್ಳಿಯಾಗಿ, ಅಕ್ಷರವಾಗಿ ಹರಿಯುತ್ತವೆ. ಕಪ್ಪಿನ ಮೇಲೆ ಹೊಳೆಯುವ ಬಿಳುಪು ಎಂಬ ಬಿದ್ರಿಯ ಕಣ್ಣು ಇಲ್ಲಿ ಕಲ್ಲಿನಲ್ಲೇ ಕಾಣುತ್ತದೆ. ಮಹಲಿಗೆ ಬೀಗ ಹಾಕಿರುವುದುಂಟು, ಕೋಟೆಯಲ್ಲಿರುವ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಕೇಳಿಕೊಳ್ಳಬೇಕು. ಊರೊಳಗೆ 1472ರ ಹೊತ್ತಿಗೆ ಕಟ್ಟಿ ಮುಗಿದ, ಬಹಮನಿಗಳ ಮಂತ್ರಿ ಮಹಮೂದ್ ಗವಾನನ ಮದರಸಾ ಇದೆ. ಅದರ ಗೋಡೆಯಲ್ಲಿ ಉಳಿದಿರುವ ಬಣ್ಣದ ಹೆಂಚುಗಳ ಹೂಬಳ್ಳಿ, ಬರಹ ಎರಡೂ ಕೆತ್ತನೆಗೆ ಮಾದರಿಯಾಗಬಲ್ಲವು. ಕೈಯಲ್ಲೊಂದು ಪುಸ್ತಕ, ಪೆನ್ಸಿಲು ಇಟ್ಟುಕೊಂಡು ಹೋದವರಿಗೆ ತಮ್ಮ ಪದಕದ ಚಿತ್ತಾರ ಇಲ್ಲೇ ಸಿಕ್ಕಿಬಿಡುತ್ತದೆ.

ಚೌಬಾರಾ ಎಂಬ ಗೋಪುರದ ಸುತ್ತಲ ಹಳೆಯ ಪೇಟೆಯಲ್ಲಿ ಬಿದ್ರಿ ಅಂಗಡಿಗಳೂ ಕೆಲಸಮನೆಗಳೂ ಇವೆ. ಕೆಲಸಮನೆಯೆಂದರೆ ದೊಡ್ಡ ಕಾರ್ಖಾನೆಯಲ್ಲ. ಮುಂದೆ ಮಾರಾಟ, ಹಿಂದೆ ಕೆತ್ತನೆ, ಅಂಗಳದಲ್ಲಿ ಎರಕ, ಅಷ್ಟೆ. ಎಲ್ಲರೂ ಎಲ್ಲ ಕೆಲಸ ಮಾಡುವುದಿಲ್ಲ. ಎರಕ ಹೊಯ್ಯುವವರು ಒಬ್ಬರು, ಕೆತ್ತುವವರು ಮತ್ತೊಬ್ಬರು, ಬೆಳ್ಳಿ ಕೂರಿಸುವವರು ಇನ್ನೊಬ್ಬರು.

ಕೆಲಸ ಶುರುವಾಗುವುದು ಎರಕದಿಂದ. ಸಾಮಾನ್ಯವಾಗಿ ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ತಾಮ್ರಕ್ಕೆ 1,085 ಡಿಗ್ರಿ ಬೇಕು. ಆದರೂ ತಾಮ್ರದ ಚೂರುಗಳು ಕಾದ ಸತುವಿನಲ್ಲಿ ಮೆಲ್ಲಗೆ ಬೆರೆತುಹೋಗುತ್ತವೆ. ಅಚ್ಚಿನ ಮಣ್ಣಿಗೆ ಹರಳೆಣ್ಣೆ ಮತ್ತು ರಾಳ ಕಲಸಿ, ಚೌಕಟ್ಟಿನಲ್ಲಿ ತುಂಬಿ, ಮಾದರಿಯನ್ನು ಒತ್ತಿ ತೆಗೆದು, ಉಳಿದ ಪೊಳ್ಳಿಗೆ ಕರಗಿದ ಲೋಹ ಹೊಯ್ಯುತ್ತಾರೆ. ಈ ಹಂತವನ್ನು ಹೊಸಬರು ದೂರದಿಂದ ನೋಡಿದರೆ ಸಾಕು. ಸತು ಅತಿಯಾಗಿ ಕಾದರೆ ಬಿಳಿ ಹೊಗೆ ಏಳುತ್ತದೆ, ಅದನ್ನು ಉಸಿರಾಡಿದವರಿಗೆ ಆಮೇಲೆ ಜ್ವರ, ಮೈಕೈ ನೋವು ಬರುವುದುಂಟು. ಗಾಳಿ ಬೀಸಿಬರುವ ಕಡೆಗೆ ಬೆನ್ನು ಮಾಡಿ ನಿಲ್ಲುವುದನ್ನು ಯಾರೂ ಮರೆಯಬಾರದು.

ಅಚ್ಚಿನಿಂದ ಹೊರಬಂದ ತುಣುಕು ಬೂದುಬಣ್ಣದ ಒರಟು ಬಿಲ್ಲೆ. ಅದನ್ನು ಅರದಿಂದ ಉಜ್ಜಿ, ಉಪ್ಪುಕಾಗದದಿಂದ ನಯ ಮಾಡಿ, ಮೈಲುತುತ್ತದ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಕೆತ್ತಬೇಕಾದ ಗೆರೆ ಎದ್ದು ಕಾಣಲೆಂದು ಈ ಕಪ್ಪು. ಆ ಮೇಲೆ ಉಕ್ಕಿನ ಮೊನೆಯಿಂದ ಚಿತ್ತಾರ ಗೀರುತ್ತಾರೆ. ಪಳಗಿದವರು ಕಾಗದದ ನಮೂನೆಯನ್ನು ನೋಡದೆ ಕೈಯಲ್ಲೇ ಬಿಡಿಸುವುದನ್ನು ಹತ್ತಿರ ಕೂತು ನೋಡಬೇಕು. ನಡುವಿನ ಹೂವಿನಿಂದ ಹೊರಟ ಬಳ್ಳಿ ಪದಕದ ಅಂಚಿಗೆ ಬಂದು ಸರಿಯಾಗಿ ಹೊರಟಲ್ಲಿಗೇ ತಿರುಗುತ್ತದೆ, ನಡುವೆ ಒಮ್ಮೆಯೂ ಅಳತೆಯಿಲ್ಲ. ಹಳೆಯ ನಮೂನೆಗಳಲ್ಲಿ ನಾಣ್ಯದಂತೆ ದುಂಡಗಿನ ಅಶರ್ಫಿ ಬೂಟಿ, ಗಸಗಸೆ ಹೂವು, ನಕ್ಷತ್ರ, ಬಳ್ಳಿ ಹೆಚ್ಚು. ಒಡವೆಗೆ ಇವೇ ಚಿಕ್ಕದಾಗಿ ಇಳಿದಿವೆ.

ಗೀರಿದ ಗೆರೆಯ ಮೇಲೆ ಸಣ್ಣ ಉಳಿ, ಸುತ್ತಿಗೆಗಳಿಂದ ಕಾಲುವೆ ತೋಡುವುದು ಮುಂದಿನ ಕೆಲಸ. ಕಲಿಯುವವರು ಸೋಲುವುದು ಇಲ್ಲೇ. ಸತುವಿನ ಮಿಶ್ರಲೋಹ ಬೆಳ್ಳಿಯಂತೆ ಬಾಗುವುದಿಲ್ಲ, ಏಟು ಹೆಚ್ಚಾದರೆ ಅಂಚು ಚಕ್ಕೆಯೇಳುತ್ತದೆ, ಕಡಿಮೆಯಾದರೆ ಉಳಿ ಜಾರಿ ಪಕ್ಕದ ಹೂವನ್ನು ಗೀರುತ್ತದೆ. ಉಳಿಯನ್ನು ನೆಟ್ಟಗೆ ಹಿಡಿಯದೆ ಸ್ವಲ್ಪ ಓರೆಯಾಗಿ ಹಿಡಿದು, ಎಡಗೈ ಬೆರಳುಗಳಿಂದ ಅದನ್ನು ಮುಂದಕ್ಕೆ ನಡೆಸುತ್ತ, ಬಲಗೈಯಿಂದ ಒಂದೇ ತೂಕದ ಸಣ್ಣ ಏಟುಗಳನ್ನು ಕೊಡುತ್ತ ಹೋಗಬೇಕು. ಕೆಲಸಮನೆಯೊಳಗೆ ಕಾಲಿಟ್ಟವರಿಗೆ ಮೊದಲು ಕೇಳುವುದು ಈ ಟಿಕ್‌ಟಿಕ್ ಸದ್ದೇ. ಮೊದಲ ದಿನವೇ ಬಳ್ಳಿಗೆ ಕೈ ಹಾಕದೆ, ಹಾಳಾದ ಎರಕದ ಚೂರಿನ ಮೇಲೆ ನೆಟ್ಟಗಿನ ಗೆರೆಗಳನ್ನು ತೋಡಿ ಕೈ ಪಳಗಿಸಿಕೊಳ್ಳುವುದು ಸರಿಯಾದ ಕ್ರಮ.

ಆಮೇಲೆ ಬೆಳ್ಳಿ. ಅಚ್ಚ ಬೆಳ್ಳಿಯನ್ನು ಕಂಬಚ್ಚಿನ ತೂತುಗಳಲ್ಲಿ ಎಳೆದೆಳೆದು ಕೂದಲೆಳೆಗೆ ಹತ್ತಿರವಾಗುವಷ್ಟು ಸಣ್ಣ ತಂತಿ ಮಾಡುತ್ತಾರೆ. ತಂತಿಯ ತುದಿಯನ್ನು ಕಾಲುವೆಯೊಳಗಿಟ್ಟು ಮೆಲ್ಲಗೆ ಬಡಿದರೆ ಮೆತ್ತಗಿನ ಬೆಳ್ಳಿ ಹರಡಿಕೊಂಡು ಕಾಲುವೆಯ ಗೋಡೆಗಳಿಗೆ ಕಚ್ಚಿಕೊಳ್ಳುತ್ತದೆ. ಅಂಟು ಇಲ್ಲ, ಬೆಸುಗೆ ಇಲ್ಲ. ಗೆರೆ ಮುಗಿದಲ್ಲಿ ತಂತಿಯನ್ನು ಕತ್ತರಿಸಿ ಮುಂದಿನ ಗೆರೆಗೆ ಹೋಗುತ್ತಾರೆ. ಕೆತ್ತನೆ ಆಳವಿಲ್ಲದಿದ್ದರೆ ಎಷ್ಟು ಬಡಿದರೂ ಬೆಳ್ಳಿ ನಿಲ್ಲುವುದಿಲ್ಲ, ಇಂದಲ್ಲ ನಾಳೆ ಎದ್ದುಬರುತ್ತದೆ. ಹಾಗಾಗಿ ಬಿದ್ರಿಯ ಬಾಳಿಕೆ ಕಣ್ಣಿಗೆ ಕಾಣುವ ಬೆಳ್ಳಿಯಲ್ಲಿಲ್ಲ, ಅದರಡಿ ಮುಚ್ಚಿಹೋದ ಕಾಲುವೆಯಲ್ಲಿದೆ. ತಂತಿಯ ಈ ಕೆಲಸಕ್ಕೆ ತಾರ್‌ಕಶಿ ಎಂದು ಹೆಸರು. ಅಗಲವಾದ ದಳಗಳನ್ನು ಕೊರೆದು ಬೆಳ್ಳಿ ತಗಡು ಕೂರಿಸಿದರೆ ಅದು ತೆಹ್‌ನಿಶಾನ್. ಹೂವು ಕಪ್ಪಾಗಿ ಉಳಿದು ಸುತ್ತಲ ನೆಲವೆಲ್ಲ ಬೆಳ್ಳಿಯಾಗುವಂತೆ ತಗಡನ್ನು ಕತ್ತರಿಸಿ ಹೊದಿಸುವುದು ಅಫ್ತಾಬಿ. ಹೊಸಬರಿಗೆ ತಾರ್‌ಕಶಿಯೇ ಸರಿ.

ಬೆಳ್ಳಿ ಕೂತ ಮೇಲೆ ಮತ್ತೆ ಅರ, ಮತ್ತೆ ಉಪ್ಪುಕಾಗದ, ಆಮೇಲೆ ಪಾಲಿಶ್. ಈ ಉಜ್ಜುವಿಕೆಯಲ್ಲಿ ಮೈಲುತುತ್ತದ ಕಪ್ಪು ಅಳಿದುಹೋಗುತ್ತದೆ. ಬೂದು ಲೋಹ, ಬಿಳಿ ಬೆಳ್ಳಿ ಎರಡೂ ಒಂದೇ ಬಣ್ಣಕ್ಕೆ ಬಂದು, ಕಷ್ಟಪಟ್ಟು ಕೆತ್ತಿದ ಚಿತ್ತಾರವೇ ಮಾಯವಾದಂತೆ ಕಾಣುತ್ತದೆ. ಮೊದಲ ಸಲ ನೋಡುವವರಿಗೆ ಎದೆ ಧಸಕ್ಕೆನ್ನುವ ಹಂತವಿದು.

ಚಿತ್ತಾರವನ್ನು ಮರಳಿ ತರುವುದು ಮಣ್ಣು. ಕೋಟೆಯ ಹಳೆಯ ಭಾಗಗಳಲ್ಲಿ ಬಿಸಿಲು ಮಳೆ ತಾಗದೆ ಬಹುಕಾಲದಿಂದ ಬಿದ್ದಿರುವ ಮಣ್ಣನ್ನು ಕಸುಬುದಾರರು ಆರಿಸಿ ತರುತ್ತಾರೆ. ಎಲ್ಲ ಮಣ್ಣೂ ಆಗುವುದಿಲ್ಲ. ಚಿಟಿಕೆ ಮಣ್ಣನ್ನು ನಾಲಗೆಗೆ ಹಚ್ಚಿ ರುಚಿ ನೋಡಿ, ಆಗುತ್ತದೋ ಇಲ್ಲವೋ ಎಂದು ಹೇಳುವ ಹಿರಿಯರಿದ್ದಾರೆ. ಆ ಮಣ್ಣಿಗೆ ನವಸಾಗರ ಮತ್ತು ನೀರು ಕಲಸಿ, ಸ್ವಲ್ಪ ಬೆಚ್ಚಗೆ ಮಾಡಿದ ಪದಕದ ಮೈಗೆ ಹಚ್ಚಿ ತಿಕ್ಕುತ್ತಾರೆ. ಬೂದು ಲೋಹ ನೋಡನೋಡುತ್ತಲೇ ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ತೊಳೆದು ಒರೆಸಿ ಒಂದು ಹನಿ ಎಣ್ಣೆ ಸವರಿದರೆ ಕಪ್ಪು ಇನ್ನೂ ಗಾಢವಾಗಿ, ಬಳ್ಳಿ ಬೆಳಗುತ್ತದೆ. ಲೋಹದಲ್ಲಿ ಆ ಒಂದು ಪಾಲು ತಾಮ್ರ ಇರಬೇಕಾದದ್ದು ಈ ಕಪ್ಪಿಗಾಗಿಯೇ, ಬರೀ ಸತು ಇಷ್ಟು ಗಾಢವಾಗಿ ಕಪ್ಪಾಗುವುದಿಲ್ಲ. ಹಿಂದೆ ಲಖನೌ, ಮುರ್ಶಿದಾಬಾದ್, ಬಿಹಾರದ ಪೂರ್ಣಿಯಾದಲ್ಲೂ ಬಿದ್ರಿ ಮಾಡುತ್ತಿದ್ದರು, ಹೈದರಾಬಾದಿನಲ್ಲಿ ಈಗಲೂ ಮಾಡುತ್ತಾರೆ. ಪೆಟ್ಲುಪ್ಪಿನಂಥ ಲವಣಗಳನ್ನು ಬೆರೆಸಿಯೂ ಕಪ್ಪು ಹಿಡಿಸಬಹುದು. ಆದರೂ ಬೀದರಿನ ಕಸುಬುದಾರರು ತಮ್ಮ ಕೋಟೆಮಣ್ಣಿನ ಮೇಲಿಟ್ಟ ನಂಬಿಕೆಯನ್ನು ಬಿಟ್ಟಿಲ್ಲ.

ಹೂದಾನಿಗಿಲ್ಲದ ಕೆಲವು ತೊಡಕುಗಳು ಒಡವೆಗಿವೆ. ಮೊದಲನೆಯದು ಬಳುಕದ ಲೋಹ. ಬಂಗಾರದ ತಗಡನ್ನು ಬಗ್ಗಿಸಿ ಬಳೆ ಮಾಡಿದಂತೆ ಇಲ್ಲಿ ಮಾಡಲಾಗದು, ಬಳೆಯನ್ನು ದುಂಡಗೇ ಎರಕ ಹೊಯ್ಯಬೇಕು. ತೀರಾ ತೆಳ್ಳಗಾದರೆ ಕೆಳಗೆ ಬಿದ್ದಾಗ ಮುರಿಯುತ್ತದೆ, ದಪ್ಪವಾದರೆ ಕಿವಿಗೆ ಭಾರ. ಎರಡನೆಯದು ಕೊಂಡಿ. ಬೆಳ್ಳಿಯ ಗಟ್ಟಿ ಬೆಸುಗೆಗೆ ಬೇಕಾದ ಕಾವಿಗೆ ಬಿದ್ರಿ ಲೋಹವೇ ಕರಗಿಬಿಡುತ್ತದೆ. ಆದ್ದರಿಂದ ಎರಕದಲ್ಲೇ ಕಿವಿಯೊಂದನ್ನು ಬಿಟ್ಟು ಅಥವಾ ತೂತು ಕೊರೆದು ಬೆಳ್ಳಿ ಕೊಂಡಿಯನ್ನು ಪೋಣಿಸಬೇಕು, ಇಲ್ಲವೆ ಬಿದ್ರಿ ಬಿಲ್ಲೆಯನ್ನು ಬೆಳ್ಳಿಯ ಚೌಕಟ್ಟಿನಲ್ಲಿ ಕೂರಿಸಬೇಕು. ಚೌಕಟ್ಟಿನ ಕ್ರಮವೇ ಮೇಲು. ಚರ್ಮಕ್ಕೆ ಬೆಳ್ಳಿ ತಾಗುತ್ತದೆ, ಬೆವರು ಕಪ್ಪನ್ನು ಬೇಗ ತಿನ್ನುವುದಿಲ್ಲ, ಅಂಚಿಗೂ ಆಸರೆಯಾಗುತ್ತದೆ. ಉಂಗುರ ಮಾತ್ರ ಕಷ್ಟದ ಒಡವೆ. ದಿನಕ್ಕೆ ಹತ್ತು ಸಲ ನೀರು, ಸಾಬೂನು ಮುಟ್ಟುವ ಬೆರಳಿನಲ್ಲಿ ಬಿದ್ರಿಯ ಕಪ್ಪು ಬಹಳ ದಿನ ನಿಲ್ಲದು. ಕಲಿಯುವವರು ಪದಕವನ್ನೇ ಆರಿಸಿಕೊಳ್ಳಲಿ.

ಕೆಲವು ದಿನಗಳ ಕಲಿಕೆಯಲ್ಲಿ ಎಷ್ಟು ಕೈಗೆ ಹತ್ತುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಸಿದ್ಧವಾದ ಎರಕದ ಬಿಲ್ಲೆಯ ಮೇಲೆ ಸರಳ ಬಳ್ಳಿಯೊಂದನ್ನು ಕೆತ್ತಿ, ತಂತಿ ಕೂರಿಸಿ, ಉಸ್ತಾದರ ಕಣ್ಣೆದುರಿಗೆ ಕಪ್ಪು ಹಿಡಿಸಿ ಮನೆಗೆ ತರಬಹುದು. ಅದಕ್ಕಿಂತ ಹೆಚ್ಚಿನದಕ್ಕೆ ವರ್ಷಗಳು ಬೇಕು. ಹೋಗುವ ಮುನ್ನ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಬೇಕು. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ, ರಮಜಾನ್ ತಿಂಗಳಲ್ಲಿ ಅನೇಕ ಕೆಲಸಮನೆಗಳ ವೇಳೆ ಬದಲಾಗುತ್ತದೆ. ಬೇಸಿಗೆಯ ಬೀದರಿನಲ್ಲಿ ಒಲೆಯ ಪಕ್ಕ ಕೂರುವುದು ಕಷ್ಟ, ಅಕ್ಟೋಬರಿನಿಂದ ಫೆಬ್ರವರಿವರೆಗೆ ಹಿತ. ಬೆಳ್ಳಿಯ ಬೆಲೆ, ಎರಕದ ಬೆಲೆ, ಕಲಿಸುವವರ ಕೂಲಿ ಇವನ್ನು ಬೇರೆಬೇರೆಯಾಗಿ ಕೇಳಿ ಕೊಡಬೇಕು. ಉಸ್ತಾದ್ ಒಬ್ಬರು ಕಲಿಸಲು ಕೂತ ದಿನ ಅವರ ಸ್ವಂತ ಕೆಲಸ ನಿಂತಿರುತ್ತದೆ ಎಂಬುದನ್ನು ಬಂದವರು ಎಷ್ಟೋ ಸಲ ಯೋಚಿಸುವುದೇ ಇಲ್ಲ.

ಪೇಟೆಯಲ್ಲಿ ಬಿದ್ರಿಯೆಂದು ಮಾರುವುದೆಲ್ಲ ಬಿದ್ರಿಯಲ್ಲ. ಹಗುರವಾದ ಲೋಹಕ್ಕೆ ಕಪ್ಪು ಬಣ್ಣ ಬಳಿದ ಸರಕೂ ಉಂಟು. ನಿಜವಾದ ಬಿದ್ರಿ ಗಾತ್ರಕ್ಕಿಂತ ಭಾರ. ಅದರ ಕಪ್ಪು ಬಣ್ಣದ ಪದರವಲ್ಲ, ಉಗುರಿನಲ್ಲಿ ಕೆರೆದರೆ ಸಿಪ್ಪೆ ಏಳುವುದಿಲ್ಲ. ಬೆಳ್ಳಿಯ ಗೆರೆಯ ಮೇಲೆ ಬೆರಳಾಡಿಸಿದರೆ ಏರುತಗ್ಗು ತಿಳಿಯಬಾರದು. ಕೊಂಡ ಒಡವೆಯನ್ನು ಹುಣಸೆಹಣ್ಣು, ನಿಂಬೆ, ಬೆಳ್ಳಿ ತೊಳೆಯುವ ದ್ರಾವಣಗಳಲ್ಲಿ ಉಜ್ಜಬಾರದು, ಹುಳಿ ತಾಗಿದರೆ ಕಪ್ಪು ಹೋಗುತ್ತದೆ. ತೊಟ್ಟು ತೆಗೆದ ಮೇಲೆ ಮೆತ್ತಗಿನ ಒಣಬಟ್ಟೆಯಲ್ಲಿ ಒರೆಸಿ, ಆಗೊಮ್ಮೆ ಈಗೊಮ್ಮೆ ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಕಪ್ಪು ಮಾಸಿದರೂ ಒಡವೆ ಹಾಳಾದಂತಲ್ಲ, ಬೀದರಿಗೆ ಕಳಿಸಿದರೆ ಮತ್ತೆ ಮಣ್ಣು ಹಚ್ಚಿ ಕೊಡುತ್ತಾರೆ.

ಬಿದ್ರಿಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೀದರಿನ ಹಿರಿಯ ಕುಶಲಕರ್ಮಿ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಗಳಲ್ಲಿ ಬಿದ್ರಿಗೆ ಜಾಗವಿದೆ. ಇವೆಲ್ಲ ಕಸುಬಿಗೆ ಗೌರವ ತಂದವು, ಆದರೆ ದಿನದ ಸಂಪಾದನೆಯ ಚಿಂತೆ ನೀಗಿಲ್ಲ. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಸಣ್ಣ ಕೆಲಸಮನೆಗಳು ತಂತಿ ಕೊಳ್ಳಲು ಒದ್ದಾಡುತ್ತವೆ. ಕಣ್ಣು ಸವೆಸುವ ಈ ಕೆಲಸಕ್ಕಿಂತ ಬೇರೆ ನೌಕರಿ ಲೇಸೆಂದು ಮಕ್ಕಳು ಹೊರಟರೆ ಅವರನ್ನು ದೂರುವಂತಿಲ್ಲ. ಕಲಿಯಲೆಂದು ಅಷ್ಟು ದೂರ ಹೋದವರು ತಾವು ಮಾಡಿದ ಪದಕದ ಜೊತೆಗೆ, ಕಲಿಸಿದವರ ಕೈಯ ಒಡವೆಯೊಂದನ್ನಾದರೂ ಚೌಕಾಸಿ ಮಾಡದೆ, ಅದೇ ಕೆಲಸಮನೆಯಿಂದ ಕೊಂಡು ತರಬೇಕು.